ಗಂಟು ಹಾಕಿದ ತಂತಿ

ಕಾರ್ಲ್ ಪರ್ಕಿನ್ಸ್ ಹೆಸರು ಬಂದಾಗಲೆಲ್ಲ ಒಂದೇ ಕಥೆ. ‘ಬ್ಲೂ ಸ್ವೇಡ್ ಶೂಸ್’ ಹಾಡು ಗೆದ್ದಿತು, ಟಿವಿಯಲ್ಲಿ ಹಾಡಲು ನ್ಯೂಯಾರ್ಕಿಗೆ ಹೊರಟವನ ಕಾರು ಅಪಘಾತಕ್ಕೀಡಾಯಿತು, ಎಲ್ವಿಸ್ ಪ್ರೀಸ್ಲಿ ಹಾಡನ್ನು ತನ್ನದಾಗಿಸಿಕೊಂಡ. ನಾನೂ ಬಹಳ ದಿನ ಇದನ್ನೇ ಹೇಳಿಕೊಂಡು ತಿರುಗಿದ್ದೆ. ಅವನ ಹಳೆಯ ರೆಕಾರ್ಡುಗಳನ್ನು ಮತ್ತೆ ಮತ್ತೆ ಕೇಳಿದ ಮೇಲೆ, ಈ ಕಥೆಯ ಗದ್ದಲದಲ್ಲಿ ಅವನ ಗಿಟಾರೇ ನಮಗೆ ಕೇಳಿಸುತ್ತಿಲ್ಲ ಅನ್ನಿಸತೊಡಗಿತು.

ಕಾರ್ಲ್ ಹುಟ್ಟಿದ್ದು 1932ರಲ್ಲಿ, ಅಮೆರಿಕದ ಟೆನೆಸಿಯಲ್ಲಿ. ಅಪ್ಪ ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದ. ಹುಡುಗನೂ ಹತ್ತಿ ಬಿಡಿಸಲು ಹೋಗುತ್ತಿದ್ದ. ಅಲ್ಲೇ ದುಡಿಯುತ್ತಿದ್ದ ಜಾನ್ ವೆಸ್ಟ್‌ಬ್ರೂಕ್ ಎಂಬ ಕಪ್ಪು ಕೂಲಿಕಾರ ಅವನಿಗೆ ಗಿಟಾರ್ ಹೇಳಿಕೊಟ್ಟ. ತಂತಿ ಹರಿದರೆ ಹೊಸದಕ್ಕೆ ಕಾಸಿಲ್ಲ, ಹರಿದದ್ದಕ್ಕೇ ಗಂಟು ಹಾಕಬೇಕು. ಗಂಟಿನ ಮೇಲೆ ಬೆರಳು ಜಾರಿಸಿದರೆ ಚರ್ಮ ಕೊಯ್ಯುತ್ತದೆ. ಅದಕ್ಕೇ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವುದನ್ನು ಕಲಿತೆ ಎಂದು ಕಾರ್ಲ್ ಮುಂದೆ ಹೇಳುತ್ತಿದ್ದ. ಬಿಳಿಯರ ಹಳ್ಳಿಹಾಡಿಗೆ ಕರಿಯರ ಬ್ಲೂಸ್ ಬೆರೆತು ಹುಟ್ಟಿದ್ದು ರಾಕಬಿಲಿ ಅನ್ನುತ್ತಾರಲ್ಲ, ಆ ಬೆರಕೆ ಇವನ ಪಾಲಿಗೆ ನಡೆದದ್ದು ಹತ್ತಿ ಹೊಲದ ಬದುವಿನಲ್ಲಿ.

1955ರ ಡಿಸೆಂಬರ್ 19ರಂದು ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ‘ಬ್ಲೂ ಸ್ವೇಡ್ ಶೂಸ್’ ರೆಕಾರ್ಡ್ ಆಯಿತು. ಮಾಲೀಕ ಸ್ಯಾಮ್ ಫಿಲಿಪ್ಸ್ ಆಗಷ್ಟೇ ಎಲ್ವಿಸ್‌ನ ಕರಾರನ್ನು ಆರ್‌ಸಿಎಗೆ ಮಾರಿದ್ದ. ಅಣ್ಣ ಜೇ, ತಮ್ಮ ಕ್ಲೇಟನ್, ಡ್ರಮ್ಮಿಗೆ ಹಾಲೆಂಡ್: ಇಷ್ಟೇ ಮೇಳ. ಹಾಡು ಪಾಪ್, ಕಂಟ್ರಿ, ರಿದಮ್ ಆ್ಯಂಡ್ ಬ್ಲೂಸ್ ಮೂರೂ ಪಟ್ಟಿಗಳಲ್ಲಿ ಬಹಳ ಮೇಲಕ್ಕೆ ಹತ್ತಿತು. ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಶಾಲೆಗಳಿದ್ದ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಅಪಘಾತ ಆದದ್ದು 1956ರ ಮಾರ್ಚ್ 22ರಂದು. ಅಷ್ಟರಲ್ಲಿ ಹಾಡು ಊರೂರು ತಲುಪಿಯಾಗಿತ್ತು. ಡಿಕ್ಕಿಯಾದ ಟ್ರಕ್ಕಿನ ಚಾಲಕ ಸತ್ತ, ಜೇಯ ಕತ್ತಿನ ಮೂಳೆ ಮುರಿಯಿತು. ಎರಡು ವರ್ಷದ ಮೇಲೆ ಜೇ ಮಿದುಳಿನ ಗಡ್ಡೆಯಿಂದ ತೀರಿಕೊಂಡ. ಕಾರ್ಲ್ ಕುಡಿತಕ್ಕೆ ಬಿದ್ದ. ಅವನನ್ನು ಕೆಡಿಸಿದ್ದು ಎಲ್ವಿಸ್ ಅಲ್ಲ, ಈ ಸಾವು ಎಂದು ನನಗನ್ನಿಸುತ್ತದೆ.

ಅದೇ ವರ್ಷದ ಡಿಸೆಂಬರ್ 4ರಂದು ಅವನು ‘ಮ್ಯಾಚ್‌ಬಾಕ್ಸ್’ ರೆಕಾರ್ಡ್ ಮಾಡಿದ, ಪಿಯಾನೋದಲ್ಲಿ ಜೆರ್ರಿ ಲೀ ಲೂಯಿಸ್. ಹಾಡಿನ ಬೇರು ಬ್ಲೈಂಡ್ ಲೆಮನ್ ಜೆಫರ್ಸನ್ ಎಂಬ ಕುರುಡ ಕಪ್ಪು ಗಾಯಕ 1927ರಲ್ಲಿ ಹಾಡಿದ ಬ್ಲೂಸ್‌ನಲ್ಲಿದೆ. 1964ರಲ್ಲಿ ಬೀಟಲ್ಸ್ ಲಂಡನ್ನಿನಲ್ಲಿ ಅದನ್ನೇ ರೆಕಾರ್ಡ್ ಮಾಡುವಾಗ ಕಾರ್ಲ್ ಸ್ಟುಡಿಯೋದಲ್ಲೇ ಇದ್ದ. ಅವರ ಗಿಟಾರಿಗ ಜಾರ್ಜ್ ಹ್ಯಾರಿಸನ್, ಇನ್ನೂ ಹೆಸರಿಲ್ಲದ ದಿನಗಳಲ್ಲಿ, ಸ್ಕಾಟ್ಲೆಂಡಿನ ಒಂದು ತಿರುಗಾಟದಲ್ಲಿ ತನ್ನನ್ನು ಕಾರ್ಲ್ ಹ್ಯಾರಿಸನ್ ಎಂದು ಕರೆದುಕೊಂಡಿದ್ದ.