ಮುರಿತ ಒಂದೋ, ನಾಲ್ಕೋ? ಪದಾರ್ಥಶಾಸ್ತ್ರ ಆಸ್ಪತ್ರೆಗೆ ಬಂದ ಕಥೆ

ವೃದ್ಧೆಯೊಬ್ಬರು ಬಚ್ಚಲುಮನೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು ಎಂದಿಟ್ಟುಕೊಳ್ಳೋಣ. ಆಸ್ಪತ್ರೆಗೆ ಸೇರಿಸಿದ ದಿನ ಕಂಪ್ಯೂಟರಿನಲ್ಲಿ ‘ತೊಡೆಮೂಳೆ ಮುರಿತ’ ಎಂಬುದರ ಸಂಕೇತ ಸಂಖ್ಯೆ ದಾಖಲಾಯಿತು. ಎರಡು ವಾರದ ನಂತರ ಎಕ್ಸ್‌ರೇ ನೋಡಿದ ಮತ್ತೊಬ್ಬ ವೈದ್ಯರು ಅದೇ ಸಂಖ್ಯೆಯನ್ನು ಬರೆದರು. ಪಟ್ಟಿ ಬಿಚ್ಚಿದ ದಿನ ಇನ್ನೊಮ್ಮೆ. ಮರುವರ್ಷ ಆಕೆ ಮತ್ತೆ ಬಿದ್ದರು. ಅದೇ ಕಾಲು, ಅದೇ ಮೂಳೆ, ಅದೇ ಸಂಖ್ಯೆ. ಈಗ ಕಡತದಲ್ಲಿ ನಾಲ್ಕು ನಮೂದುಗಳಿವೆ. ಮುರಿತಗಳೆಷ್ಟು? ಮನೆಯವರನ್ನು ಕೇಳಿದರೆ ಎರಡು ಎನ್ನುತ್ತಾರೆ. ಕಂಪ್ಯೂಟರು ನಾಲ್ಕು ಎನ್ನಬಹುದು. ಸಂಖ್ಯೆ ಒಂದೇ ಆದ್ದರಿಂದ ಒಂದು ಎಂದರೂ ಎನ್ನಬಹುದು.

ಇದು ಕೂಡುವ ಲೆಕ್ಕದ ತಪ್ಪಲ್ಲ. ಮೂಳೆ ಯಾವ ಬಗೆಯದು, ಮುರಿತ ಯಾವ ಬಗೆಯದು, ಕಡತದ ಸಾಲು ಇವೆರಡರಲ್ಲಿ ಯಾವುದನ್ನು ಕುರಿತದ್ದು ಎಂದು ಯಂತ್ರಕ್ಕೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಮನುಷ್ಯರಿಗೆ ಅದನ್ನು ಹೇಳಿಕೊಡುವ ಅಗತ್ಯವೇ ಬೀಳುವುದಿಲ್ಲ. ಲೋಕದಲ್ಲಿ ಇರುವುದೆಲ್ಲ ಎಷ್ಟು ಬಗೆ, ಒಂದಕ್ಕೂ ಇನ್ನೊಂದಕ್ಕೂ ಇರುವ ಸಂಬಂಧಗಳು ಎಂಥವು ಎಂಬುದನ್ನು ಯಾವ ವಿಷಯಕ್ಕಾದರೂ ಹೊಂದುವಂತೆ ವಿಚಾರಿಸುವ ತತ್ತ್ವಶಾಸ್ತ್ರದ ಶಾಖೆಗೆ ಫಾರ್ಮಲ್ ಆಂಟಾಲಜಿ ಎಂದು ಹೆಸರು. ಕನ್ನಡದಲ್ಲಿ ರೂಪಾತ್ಮಕ ಸತ್ತಾಶಾಸ್ತ್ರ ಎನ್ನಬಹುದು. ಹೆಸರೇನೋ ಭಾರವಾಗಿದೆ, ಪಾಠಶಾಲೆಗಳಲ್ಲಿ ತರ್ಕ ಓದಿದವರಿಗೆ ಮಾತ್ರ ವಿಷಯ ಹೊಸದಲ್ಲ.

ಪದಾರ್ಥ ಎಂದರೆ ಇಂದು ಅಡುಗೆಮನೆಯ ನೆನಪಾಗುತ್ತದೆ. ಶಾಸ್ತ್ರದಲ್ಲಿ ಅದು ಪದವೊಂದು ಯಾವುದನ್ನು ಹೇಳುತ್ತದೋ ಅದು. ಕಣಾದನ ವೈಶೇಷಿಕ ದರ್ಶನದಿಂದ ಬೆಳೆದುಬಂದ ಪದಾರ್ಥಗಳ ಪಟ್ಟಿಯನ್ನು 17ನೇ ಶತಮಾನದ ಅನ್ನಂಭಟ್ಟ ‘ತರ್ಕಸಂಗ್ರಹ’ವೆಂಬ ಪುಟ್ಟ ಪಠ್ಯದಲ್ಲಿ ಏಳಾಗಿ ಕೊಟ್ಟ: ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ, ಅಭಾವ. ಮೇಜಿನ ಮೇಲಿನ ಪುಸ್ತಕವನ್ನು ಎತ್ತಿಡಬಹುದು, ಅದು ಸಂಯೋಗ. ದಾಸವಾಳದ ಕೆಂಪನ್ನು ಹೂವಿನಿಂದ ಬೇರೆ ಮಾಡಿ ಪಕ್ಕಕ್ಕಿಡಲು ಬಾರದು, ಅದು ಸಮವಾಯ. ಬಟ್ಟೆಗೂ ನೂಲಿಗೂ ಇರುವ ಸಂಬಂಧವೂ ಸಮವಾಯವೇ ಎಂದು ನೈಯಾಯಿಕರು ಹಟ ಹಿಡಿದು ವಾದಿಸಿದರು. ಇನ್ನು ಉದಯನಾಚಾರ್ಯ 10–11ನೇ ಶತಮಾನದ ಹೊತ್ತಿಗೆ, ಯಾವುದನ್ನು ಜಾತಿಯೆಂದು ಒಪ್ಪಬಾರದು ಎಂಬುದಕ್ಕೆ ಆರು ತಡೆಗಳನ್ನು ಹೇಳಿದ. ಅವುಗಳಲ್ಲೊಂದು ಸಂಕರ. ಎರಡು ಜಾತಿಗಳು ಅಡ್ಡಹಾಯಬಾರದು. ಒಂದು ಇನ್ನೊಂದರೊಳಗೆ ಪೂರ್ತಿ ಅಡಗಿರಬೇಕು, ಇಲ್ಲವೇ ಪೂರ್ತಿ ಹೊರಗಿರಬೇಕು. ‘ಹಸು’ ಮತ್ತು ‘ಬಿಳಿಯ ಪ್ರಾಣಿ’ ಎಂಬ ಎರಡನ್ನು ತೆಗೆದುಕೊಳ್ಳಿ. ಕೆಲವು ಹಸುಗಳು ಬಿಳಿ, ಕೆಲವು ಅಲ್ಲ. ಬಿಳಿಯ ಪ್ರಾಣಿಗಳಲ್ಲಿ ಕುರಿಯೂ ಉಂಟು. ಆದ್ದರಿಂದ ಎರಡೂ ಜಾತಿಗಳಾಗಲಾರವು. ಈ ನಿಯಮ ಮುಂದೆ ಇನ್ನೊಮ್ಮೆ ಎದುರಾಗುತ್ತದೆ.

ಪಶ್ಚಿಮದಲ್ಲಿ ಅರಿಸ್ಟಾಟಲ್ ಕೊಟ್ಟ ಪಟ್ಟಿಯಲ್ಲಿ ಹತ್ತು ಬಗೆಗಳಿದ್ದವು. ಅದಕ್ಕೆ ಇಪ್ಪತ್ತನೇ ಶತಮಾನದ ರೂಪ ಬಂದದ್ದು ಗಣಿತದಿಂದ ತತ್ತ್ವಶಾಸ್ತ್ರಕ್ಕೆ ಬಂದ ಎಡ್ಮಂಡ್ ಹುಸ್ಸರ್ಲ್‌ನಿಂದ. 1900–01ರಲ್ಲಿ ಪ್ರಕಟವಾದ ಅವನ ‘ತಾರ್ಕಿಕ ಶೋಧಗಳು’ ಕೃತಿಯ ಮೂರನೆಯ ಶೋಧ ಪೂರ್ತಿ ಅಂಶ ಮತ್ತು ಅಂಶಿಗಳ ಬಗ್ಗೆ. ಕುದುರೆಯ ತಲೆಯನ್ನು ಕುದುರೆಯಿಂದ ಬೇರೆಯಾಗಿ ಊಹಿಸಬಹುದು. ಬಣ್ಣವನ್ನು ಹರವಿಲ್ಲದೆ ಊಹಿಸಲಾಗದು. ಮೊದಲನೆಯದು ಸ್ವತಂತ್ರ ಭಾಗ, ಎರಡನೆಯದು ಪರತಂತ್ರ ಭಾಗ. ಈ ಎರಡು ಶಬ್ದಗಳು ಕನ್ನಡ ನಾಡಿಗೆ ಪರಿಚಿತ. 13ನೇ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ‘ತತ್ತ್ವಸಂಖ್ಯಾನ’ದಲ್ಲಿ ಇರುವುದನ್ನೆಲ್ಲ ಮೊದಲು ಸ್ವತಂತ್ರ, ಅಸ್ವತಂತ್ರ (ಅಂದರೆ ಪರತಂತ್ರ) ಎಂದು ಎರಡಾಗಿ ವಿಂಗಡಿಸಿದರು. ಅವರ ಉದ್ದೇಶ ಬೇರೆ. ಅಲ್ಲಿ ಸ್ವತಂತ್ರ ವಿಷ್ಣು ಒಬ್ಬನೇ. ಎಲ್ಲವೂ ನಮ್ಮಲ್ಲೇ ಮೊದಲಿತ್ತು ಎಂದು ಎದೆ ತಟ್ಟಿಕೊಳ್ಳಲು ಇದು ಸಾಕಾಗದು. ಯಾವುದು ಯಾವುದನ್ನು ಆಶ್ರಯಿಸಿದೆ ಎಂಬ ಪ್ರಶ್ನೆ ಮಾತ್ರ ಇಬ್ಬರಿಗೂ ಮೊದಲ ಪ್ರಶ್ನೆಯಾಗಿತ್ತು.

ಕಂಪ್ಯೂಟರಿಗಿಂತ ಮೊದಲು ಇಂಥ ವಿಂಗಡಣೆಯನ್ನು ದಿನನಿತ್ಯದ ಕೆಲಸಕ್ಕೆ ಹಚ್ಚಿದವರು ಗ್ರಂಥಪಾಲಕರು. ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೋ ಆಟಿಕೆಯ ತುಂಡುಗಳನ್ನು ಜೋಡಿಸುವುದನ್ನು ನೋಡಿದ ಎಸ್.ಆರ್. ರಂಗನಾಥನ್‌ಗೆ ಪುಸ್ತಕದ ವಿಷಯಗಳನ್ನೂ ಹಾಗೆ ಜೋಡಿಸಬಹುದೆನ್ನಿಸಿತು. 1933ರಲ್ಲಿ ಅವರ ಕೋಲನ್ ವರ್ಗೀಕರಣ ಪ್ರಕಟವಾಯಿತು. ಯಾವ ವಿಷಯವನ್ನೇ ಆಗಲಿ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳಲ್ಲಿ ಬಿಡಿಸಬಹುದೆಂಬುದು ಅವರ ಸಿದ್ಧಾಂತ. ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅವರು 1962ರಲ್ಲಿ ಇಲ್ಲಿಯೇ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು.

ಗ್ರಂಥಾಲಯದಲ್ಲಿ ವಿಂಗಡಣೆ ಸ್ವಲ್ಪ ಎಡವಿದರೆ ಕಪಾಟಿನ ಮುಂದೆ ನಿಂತ ಮನುಷ್ಯ ಸರಿಮಾಡಿಕೊಳ್ಳುತ್ತಾನೆ. ಯಂತ್ರಕ್ಕೆ ಆ ಬುದ್ಧಿ ಇಲ್ಲ. 1984ರಲ್ಲಿ ಅಮೆರಿಕದ ಡಗ್ಲಸ್ ಲೆನಾಟ್, ಮನುಷ್ಯನ ಸಾಮಾನ್ಯಜ್ಞಾನವನ್ನೆಲ್ಲ ಒಂದೊಂದೇ ವಾಕ್ಯವಾಗಿ ಯಂತ್ರಕ್ಕೆ ತುಂಬುವ ‘ಸೈಕ್’ ಯೋಜನೆ ಆರಂಭಿಸಿ, 2023ರಲ್ಲಿ ತೀರಿಕೊಳ್ಳುವವರೆಗೂ ಅದಕ್ಕೆ ಅಂಟಿಕೊಂಡಿದ್ದರು. ಕಂಪ್ಯೂಟರ್ ಮಂದಿ ‘ಆಂಟಾಲಜಿ’ ಎಂಬ ಶಬ್ದವನ್ನು ತತ್ತ್ವಜ್ಞರಿಂದ ಕಡ ತಂದು ಬಳಸತೊಡಗಿದ್ದೂ ಸರಿಸುಮಾರು ಆ ಕಾಲದಲ್ಲೇ. ಕಡ ಕೊಟ್ಟವರನ್ನು ಮಾತ್ರ ಯಾರೂ ಹೆಚ್ಚು ವಿಚಾರಿಸಲಿಲ್ಲ.

ವಿಚಾರಿಸಲೇಬೇಕಾಗಿ ಬಂದದ್ದು ಜೀವವಿಜ್ಞಾನದಲ್ಲಿ. ಹಣ್ಣಿನ ನೊಣ, ಇಲಿ, ಯೀಸ್ಟ್ ಈ ಮೂರರ ವಂಶವಾಹಿಗಳನ್ನು ಅಧ್ಯಯನ ಮಾಡುತ್ತಿದ್ದ ಮೂರು ಗುಂಪುಗಳ ಭಂಡಾರಗಳಲ್ಲಿ ಒಂದೇ ಕೆಲಸ ಮಾಡುವ ವಂಶವಾಹಿಗಳಿಗೆ ಬೇರೆ ಬೇರೆ ವಿವರಣೆಗಳಿದ್ದವು. 1998ರಲ್ಲಿ ಅವರೆಲ್ಲ ಸೇರಿ ‘ಜೀನ್ ಆಂಟಾಲಜಿ’ ಎಂಬ ಸಮಾನ ಪದಕೋಶ ಕಟ್ಟತೊಡಗಿದರು. ಪದಗಳನ್ನು ಪೋಣಿಸಲು ಇದ್ದದ್ದು ಮುಖ್ಯವಾಗಿ ಎರಡು ದಾರ: ‘ಇದು ಅದರ ಒಂದು ಬಗೆ’ ಮತ್ತು ‘ಇದು ಅದರ ಭಾಗ’. ಪದಕೋಶ ಬಹಳ ಬೇಗ ಜನಪ್ರಿಯವಾಯಿತು. ತೊಡಕು ಇದ್ದದ್ದು ಎರಡನೆಯ ದಾರದಲ್ಲಿ.

ಕೋಶಕೇಂದ್ರ ಜೀವಕೋಶದ ಭಾಗ ಎಂದು ಶಾಲೆಯ ಹುಡುಗನೂ ಹೇಳುತ್ತಾನೆ. ಅದರ ಅರ್ಥವೇನು? ಪ್ರತಿಯೊಂದು ಕೋಶಕೇಂದ್ರವೂ ಯಾವುದಾದರೊಂದು ಕೋಶದಲ್ಲಿದೆ ಎಂದೋ, ಪ್ರತಿಯೊಂದು ಕೋಶಕ್ಕೂ ಕೇಂದ್ರವಿದೆ ಎಂದೋ? ಎರಡನೆಯದು ನಿಜವಲ್ಲ, ಮನುಷ್ಯನ ಬೆಳೆದ ಕೆಂಪು ರಕ್ತಕಣಕ್ಕೆ ಕೇಂದ್ರವಿಲ್ಲ. ಈಜಲು ನೆರವಾಗುವ ಕಶಾಂಗವೂ ಕೆಲವು ಕೋಶಗಳಿಗಷ್ಟೇ ಉಂಟು. ‘ಭಾಗ’ ಎಂಬ ಒಂದೇ ಶಬ್ದ ಕೆಲವೆಡೆ ಸದಾ ಎಂಬ ಅರ್ಥದಲ್ಲಿ, ಕೆಲವೆಡೆ ಕೆಲವೊಮ್ಮೆ ಎಂಬ ಅರ್ಥದಲ್ಲಿ ಕೂತಿತ್ತು. ಓದುವ ವಿಜ್ಞಾನಿ ಸಂದರ್ಭ ನೋಡಿ ಅರ್ಥಮಾಡಿಕೊಳ್ಳುತ್ತಿದ್ದ. ಸಾವಿರಾರು ಪದಗಳ ಮೇಲೆ ತಾನೇ ತೀರ್ಮಾನ ಕಟ್ಟುವ ಯಂತ್ರ ತಪ್ಪಿನ ಮೇಲೆ ತಪ್ಪು ಪೇರಿಸುತ್ತದೆ.

ಇದನ್ನು ಎತ್ತಿ ತೋರಿಸಿದವರಲ್ಲಿ ಪ್ರಮುಖ ಬ್ಯಾರಿ ಸ್ಮಿತ್. ಇಂಗ್ಲೆಂಡಿನವರಾದ ಇವರು 1970ರ ದಶಕದಲ್ಲಿ ಮ್ಯಾಂಚೆಸ್ಟರಿನಲ್ಲಿ ಪೀಟರ್ ಸೈಮನ್ಸ್, ಕೆವಿನ್ ಮಲಿಗನ್ ಎಂಬ ಗೆಳೆಯರೊಂದಿಗೆ ಹುಸ್ಸರ್ಲ್‌ನ ಅದೇ ಮೂರನೆಯ ಶೋಧವನ್ನು ತಿಕ್ಕಿ ತೀಡಿ ಓದಿದವರು. ಭಾಗ ಎಂದರೇನು ಎಂದು ವರ್ಷಗಟ್ಟಲೆ ಚರ್ಚಿಸುವವರನ್ನು ಆಗ ಕೆಲಸವಿಲ್ಲದವರೆಂದು ಯಾರಾದರೂ ಅಂದಿದ್ದರೆ ಆಶ್ಚರ್ಯವಿಲ್ಲ. 2002ರಲ್ಲಿ ಸ್ಮಿತ್ ಜರ್ಮನಿಯ ಲೈಪ್ಜಿಗ್‌ನಲ್ಲಿ ವೈದ್ಯಕೀಯ ಮಾಹಿತಿಗಾಗಿಯೇ ಫಾರ್ಮಲ್ ಆಂಟಾಲಜಿಯ ಸಂಸ್ಥೆ ತೆರೆದರು. 2005ರಲ್ಲಿ ತತ್ತ್ವಜ್ಞರೂ ಜೀವವಿಜ್ಞಾನಿಗಳೂ ಜೊತೆಯಾಗಿ ಬರೆದ ಲೇಖನವೊಂದು ‘ಬಗೆ’, ‘ಭಾಗ’, ‘ಒಳಗಿರುವುದು’, ‘ಪಕ್ಕದಲ್ಲಿರುವುದು’ ಮೊದಲಾದ ಹತ್ತು ಸಂಬಂಧಗಳಿಗೆ ಖಚಿತ ಲಕ್ಷಣ ಕೊಟ್ಟಿತು. ಲಕ್ಷಣವಾಕ್ಯ ಎಂದರೆ ಹೇಗಿರಬೇಕು ಎಂದು ಕೂದಲು ಸೀಳುತ್ತಿದ್ದ ನವ್ಯನೈಯಾಯಿಕರಿಗೆ ಅದನ್ನು ಓದಿ ಖುಷಿಯಾಗುತ್ತಿತ್ತೇನೋ.

ಸ್ಮಿತ್ ಮತ್ತು ಸಂಗಡಿಗರು ರೂಪಿಸಿದ ‘ಬೇಸಿಕ್ ಫಾರ್ಮಲ್ ಆಂಟಾಲಜಿ’ 2021ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಅದರಲ್ಲಿರುವುದು ಮೂವತ್ತೈದರ ಆಸುಪಾಸಿನ ಪದಗಳಷ್ಟೇ. ಇರುವುದೆಲ್ಲ ಮೊದಲು ಎರಡಾಗುತ್ತದೆ: ಕಾಲದಲ್ಲಿ ಉಳಿದುಕೊಂಡು ಬರುವ ವಸ್ತು, ಕಾಲದಲ್ಲಿ ನಡೆದುಹೋಗುವ ಘಟನೆ. ಉಳಿದು ಬರುವುದರಲ್ಲಿ ಸ್ವತಂತ್ರವಾದದ್ದು, ಪರತಂತ್ರವಾದದ್ದು ಎಂಬ ಒಡಕು ಮತ್ತೆ ಉಂಟು. ಪ್ರತಿಯೊಂದು ವರ್ಗಕ್ಕೂ ನೇರ ತಾಯಿವರ್ಗ ಒಂದೇ ಇರಬೇಕೆಂಬ ಕಟ್ಟಳೆಯೂ ಇದೆ. ಉದಯನನ ಸಂಕರದ ತಡೆ ಇನ್ನೊಂದು ವೇಷದಲ್ಲಿ ಬಂದಂತೆ. ಆ ವೃದ್ಧೆಯ ಕಡತವನ್ನು ಈ ಚೌಕಟ್ಟಿನಲ್ಲಿಟ್ಟರೆ ಮೂಳೆ ವಸ್ತು, ಬಿದ್ದದ್ದು ಘಟನೆ, ಮುರಿತ ಮೂಳೆಯನ್ನು ಬಿಟ್ಟು ಇರಲಾರದ್ದು. 2005–06ರ ಸುಮಾರಿಗೆ ಸ್ಮಿತ್ ಮತ್ತು ಬೆಲ್ಜಿಯಂನ ವೈದ್ಯ ವರ್ನರ್ ಸ್ಯೂಸ್ಟರ್ಸ್ ಸೂಚಿಸಿದ ಪರಿಹಾರ ಸರಳ: ರೋಗಿಗೆ ಹೇಗೋ ಹಾಗೆ ಒಂದೊಂದು ಮುರಿತಕ್ಕೂ ಅದರದೇ ಗುರುತಿನ ಸಂಖ್ಯೆ ಕೊಡಿ. ಆಗ ನಾಲ್ಕು ಸಾಲುಗಳು ಎರಡೇ ಮುರಿತಗಳತ್ತ ಬೆರಳು ಮಾಡುತ್ತವೆ. ಸರಳವಾದರೂ ಅಗ್ಗವಲ್ಲ. ಪ್ರತಿ ನಮೂದಿಗೂ ಮೊದಲು ‘ಇದು ಹಳೆಯದೋ ಹೊಸದೋ’ ಎಂದು ಬಿಡುವಿಲ್ಲದ ವೈದ್ಯರು ನಿಂತು ಯೋಚಿಸಬೇಕಾಗುತ್ತದೆ.

ಎಲ್ಲರೂ ಇದನ್ನು ಒಪ್ಪಿದ್ದಾರೆಂದಲ್ಲ. ಇಟಲಿಯ ನಿಕೋಲಾ ಗ್ವಾರಿನೋ ಮತ್ತು ಸಂಗಡಿಗರು ಕಟ್ಟಿದ ‘ಡಾಲ್ಚೆ’ ಎಂಬ ಚೌಕಟ್ಟು ಲೋಕ ಇರುವ ರೀತಿಗಿಂತ ಜನ ಅದನ್ನು ಗ್ರಹಿಸಿ ಮಾತನಾಡುವ ರೀತಿಯನ್ನು ಹಿಡಿಯಲು ಹೊರಟದ್ದು. ಜಾತಿ ಲೋಕದಲ್ಲೇ ಇದೆಯೆಂದ ನೈಯಾಯಿಕರಿಗೂ, ಅದು ಮನಸ್ಸು ಕಟ್ಟಿದ್ದೆಂದ ದಿಙ್ನಾಗನ ಬೌದ್ಧ ಪರಂಪರೆಗೂ ಶತಮಾನಗಳ ಕಾಲ ನಡೆದದ್ದು ಇಂಥದ್ದೇ ಜಗಳ.

2020ರಲ್ಲಿ ಈ ಪ್ರಶ್ನೆ ದಿನಪತ್ರಿಕೆಯ ಮುಖಪುಟಕ್ಕೇ ಬಂತು. ವೈರಸ್ ಒಂದು, ಸೋಂಕು ಇನ್ನೊಂದು, ರೋಗ ಮತ್ತೊಂದು. ಲಕ್ಷಣವಿಲ್ಲದವನಲ್ಲಿ ಮೊದಲೆರಡು ಇದ್ದು ಮೂರನೆಯದು ಇರದಿರಬಹುದು. ಆ ವರ್ಷವೇ ಕೊರೋನಾ ರೋಗಗಳಿಗೆಂದು ಇಂಥ ಆಂಟಾಲಜಿಯೊಂದನ್ನು ಸಂಶೋಧಕರು ಪ್ರಕಟಿಸಿದರು. ಕೊರೋನಾದಿಂದ ಸತ್ತವರು ಎಷ್ಟು, ಕೊರೋನಾ ಇದ್ದು ಬೇರೆ ಕಾರಣಕ್ಕೆ ಸತ್ತವರು ಎಷ್ಟು ಎಂಬ ವಾಗ್ವಾದ ದೇಶದೇಶಗಳಲ್ಲಿ ನಡೆದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಏಪ್ರಿಲ್‌ನಲ್ಲಿ ಮಾರ್ಗಸೂಚಿ ಹೊರಡಿಸಿ, ಗಾಯದಂಥ ಸ್ಪಷ್ಟವಾದ ಬೇರೆ ಕಾರಣವಿದ್ದರೆ ಅದನ್ನು ಕೋವಿಡ್ ಸಾವೆಂದು ಬರೆಯಬಾರದೆಂದು ಹೇಳಿತು. ಪ್ರಮಾಣಪತ್ರದ ಯಾವ ಸಾಲಿನಲ್ಲಿ ಯಾವುದನ್ನು ಬರೆಯಬೇಕೆಂದು ವಿವರಿಸಲು ಅದಕ್ಕೆ ಚಿತ್ರಸಹಿತ ಮಾದರಿಗಳನ್ನೂ ಕೊಡಬೇಕಾಯಿತು.