ಅಶೋಕನ ಶಾಸನಗಳಲ್ಲಿ ದೂರನಗರಗಳ ಆಡಳಿತ : ಮಸ್ಕಿಯ ಸುತ್ತಣ ಕೆಲವು ಸಾಕ್ಷ್ಯಗಳು

ಮಸ್ಕಿಯ ಅಶೋಕಶಾಸನವು ಬೆಳಕಿಗೆ ಬಂದುದು 1915ರಲ್ಲಿ. ನಿಜಾಮರ ಸರ್ಕಾರದಲ್ಲಿ ಗಣಿಯ ಎಂಜಿನಿಯರರಾಗಿದ್ದ ಬೀಡನ್ ಎಂಬುವರು ಚಿನ್ನದ ಸುಳಿವನ್ನು ಅರಸುತ್ತ, ಆಗ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಈ ಊರಿನ ಗುಡ್ಡಗಳಲ್ಲಿ ತಿರುಗುತ್ತಿದ್ದಾಗ ಬಂಡೆಯ ಮೇಲಣ ಅಕ್ಷರಗಳನ್ನು ಕಂಡರು. ಹೆಚ್. ಕೃಷ್ಣಶಾಸ್ತ್ರಿಗಳು ಅದನ್ನು ಹೈದರಾಬಾದಿನ ಪ್ರಾಕ್ತನ ಗ್ರಂಥಮಾಲೆಯ ಮೊದಲನೆಯ ಸಂಚಿಕೆಯಾಗಿ ಸಂಪಾದಿಸಿದರು. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಅಂಕಿತನಾಮವು ಮೊಟ್ಟಮೊದಲು ದೊರೆತುದು ಇಲ್ಲಿಯೇ ಎಂಬ ಸಂಗತಿ ಸರ್ವವಿದಿತವಾಗಿದೆ. ಆ ಹೆಸರಿನ ಪ್ರಭೆಯೇ ಅಧಿಕವಾದುದರಿಂದ, ಮಸ್ಕಿಯ ಬಂಡೆಯು ಹೇಳಬಲ್ಲ ಇನ್ನೊಂದು ಮಾತಿನ ಕಡೆಗೆ ನಮ್ಮವರ ಲಕ್ಷ್ಯವು ಅಷ್ಟಾಗಿ ಹರಿದಿಲ್ಲ. ಪಾಟಲಿಪುತ್ರದಿಂದ ಇಲ್ಲಿಗೆ ನೇರ ಗೆರೆಯಲ್ಲಿ ಸುಮಾರು 1,400 ಕಿಲೋಮೀಟರು. ಇಷ್ಟು ದೂರದ ಊರುಗಳನ್ನು ಅರಸನು ತನ್ನ ಕೈಯಿಂದಲೇ ಆಳಿದನೇ, ಅಥವಾ ಅಧಿಕಾರಿಗಳ ವಶಕ್ಕೆ ಬಿಟ್ಟು ಸುಮ್ಮನಿದ್ದನೇ? ಎಷ್ಟನ್ನು ಬಿಟ್ಟನು, ಯಾವುದನ್ನು ಬಿಡಲಿಲ್ಲ? ಈ ಲೇಖನದ ವಿಷಯವು ಇಷ್ಟೆ.

ಈ ಪ್ರಶ್ನೆ ನನಗೆ ಹೊಳೆದ ಬಗೆಯನ್ನು ಹೇಳಿದರೆ ಪಂಡಿತರಾದ ವಾಚಕರು ನಗಬಹುದು. ಈಗಿನ ಹುಡುಗರು ಗಣಕಯಂತ್ರದಲ್ಲಿ ಸರದಿಯಂತೆ ಆಡುವ ರಾಜ್ಯತಂತ್ರದ ಆಟಗಳುಂಟಷ್ಟೆ. ಅವುಗಳಲ್ಲಿ ಪ್ರಸಿದ್ಧವಾದ 'ಸಿವಿಲೈಸೇಷನ್' ಎಂಬುದರ ನಾಲ್ಕನೆಯ ಆವೃತ್ತಿಯು 2005ರಲ್ಲಿ ಹೊರಟಿತು. ಅದರಲ್ಲಿ ಭಾರತದ ನಾಯಕರಾಗಿ ಗಾಂಧಿಯವರ ಜೊತೆಗೆ ಅಶೋಕನೂ ಇದ್ದಾನೆ. ಆಟದ ಆರಂಭದಲ್ಲಿ ಊರುಗಳು ಎರಡೋ ಮೂರೋ. ಯಾವ ಹೊಲವನ್ನು ಉಳಬೇಕು, ಯಾವ ಕಟ್ಟಡವನ್ನು ಎತ್ತಬೇಕು ಎಂಬುದನ್ನೆಲ್ಲ ಆಟಗಾರನೇ ಗೊತ್ತುಮಾಡುತ್ತಾನೆ. ಊರುಗಳು ಮೂವತ್ತಾದ ಬಳಿಕ ಒಂದೊಂದು ಸರದಿಗೂ ಮೂವತ್ತು ಊರುಗಳ ಕಣಜಗಳನ್ನು ಇಣುಕಿ ನೋಡುವುದು ಬೇಸರದ ಕೆಲಸವಾಗುತ್ತದೆ. ಆಗ ಊರನ್ನು ಯಂತ್ರದ ಅಧಿಕಾರಿಗೆ ಒಪ್ಪಿಸಬಹುದು. ಆದರೆ ಆ ಅಧಿಕಾರಿಗೆ ರಾಜ್ಯದ ಒಟ್ಟು ಉದ್ದೇಶವು ತಿಳಿಯದು. ಗಡಿಯಲ್ಲಿ ಶತ್ರು ನಿಂತಿರುವಾಗ ಅವನು ಪೇಟೆಯನ್ನು ಕಟ್ಟಿಸುತ್ತಾನೆ. ಎಲ್ಲವನ್ನೂ ತಾನೇ ಮಾಡುವವನಿಗೆ ಆಯಾಸ, ಎಲ್ಲವನ್ನೂ ಬಿಟ್ಟವನಿಗೆ ನಷ್ಟ. ಐದನೆಯ ಆವೃತ್ತಿಯಲ್ಲಿ (2010) ಗೆದ್ದ ಊರನ್ನು ಸೂತ್ರದ ಬೊಂಬೆಯಾಗಿ ಇಟ್ಟುಕೊಳ್ಳುವ ಏರ್ಪಾಡಿದೆ. ಅಂಥ ಊರು ತನಗೆ ತೋಚಿದುದನ್ನು ಕಟ್ಟಿಕೊಳ್ಳುತ್ತದೆ, ಒಡೆಯನು ಅದರಲ್ಲಿ ಕೈಹಾಕುವಂತಿಲ್ಲ. ನಿಜವಾದ ಅಶೋಕನು ಇದೇ ತೊಡಕನ್ನು ಹೇಗೆ ಬಿಡಿಸಿಕೊಂಡನೆಂದು ವಿಚಾರಮಾಡುವುದು ಅಸಂಗತವಾಗಲಾರದೆಂದು ಭಾವಿಸಿದ್ದೇನೆ.

ಇಂದು ಲಿಂಗಸುಗೂರಿನಿಂದ ತೆಂಕಣಕ್ಕೆ ಹೊರಟ ಹೆದ್ದಾರಿಯು ಮಸ್ಕಿ, ಸಿಂಧನೂರುಗಳನ್ನು ಹಾದು ತುಂಗಭದ್ರೆಯನ್ನು ದಾಟಿ ಸಿರುಗುಪ್ಪ, ಬಳ್ಳಾರಿಗಳ ಕಡೆಗೆ ನಡೆಯುತ್ತದೆ. ಮೌರ್ಯರ ಕಾಲದ ದಾರಿಯೂ ಇದೇ ಎಂದು ನಾನು ಹೇಳುವುದಿಲ್ಲ. ಆದರೆ ಅಶೋಕನ ಚಿಕ್ಕ ಬಂಡೆಶಾಸನಗಳು ಈ ಜಾಡಿನ ಎರಡೂ ಮಗ್ಗುಲುಗಳಲ್ಲಿ ಇರುವುದು ಗಮನಾರ್ಹವಾಗಿದೆ. ಮಸ್ಕಿ ಒಂದು, ಸಿಂಧನೂರಿನಿಂದ ಹೊಳೆಯಾಚೆಗೆ, ಸಿರುಗುಪ್ಪದ ಸೀಮೆಯಲ್ಲಿ, 1970ರ ದಶಕದ ಕೊನೆಯಲ್ಲಿ ದೊರೆತ ನಿಟ್ಟೂರು ಉಡೇಗೋಳಗಳು, ಪಡುವಲಿಗೆ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಮೂಡಲಿಗೆ ಆಂಧ್ರದ ಎರ್ರಗುಡಿ, ದಕ್ಷಿಣದ ತುದಿಯಲ್ಲಿ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳು. ಈ ಕೊನೆಯ ಮೂರನ್ನು ಬಿ. ಎಲ್. ರೈಸರು 1892ರಲ್ಲಿ ಕಂಡುಹಿಡಿದರು.

ಬ್ರಹ್ಮಗಿರಿಯ ಪಾಠದ ಮೊದಲ ವಾಕ್ಯವು ಇಡೀ ಚರ್ಚೆಗೆ ಕೀಲಿಕೈಯಾಗಿದೆ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಬಳಿಕ ದೇವಾನಾಂಪ್ರಿಯನ ಆಜ್ಞೆಯನ್ನು ತಿಳಿಸುತ್ತಾರೆ. ಅಂದರೆ ಅರಸನ ಮಾತು ನೆಟ್ಟಗೆ ಇಸಿಲಕ್ಕೆ ಬರಲಿಲ್ಲ. ರಾಜಕುಮಾರನಿದ್ದ ಸುವರ್ಣಗಿರಿಗೆ ಬಂದು, ಅಲ್ಲಿಂದ ಒಂದು ಪತ್ರದ ಹೊಟ್ಟೆಯಲ್ಲಿ ಅಡಗಿ ಮುಂದಕ್ಕೆ ಹೋಯಿತು. ಸುವರ್ಣಗಿರಿಯು ಮಸ್ಕಿಯ ತೆಂಕಣದ ಕನಕಗಿರಿಯೆಂದು ಕೆಲವರು, ಎರ್ರಗುಡಿಯ ಬಳಿಯ ಜೊನ್ನಗಿರಿಯೆಂದು ಕೆಲವರು, ಮಸ್ಕಿಯೇ ಎಂದು ಮತ್ತೆ ಕೆಲವರು. ಇಸಿಲವೆಂಬಲ್ಲಿ ಕನ್ನಡ ಶಬ್ದವನ್ನು ಕಂಡವರೂ ಉಂಟು. ಆ ವಾದಗಳನ್ನು ಇಲ್ಲಿ ಬೆಳಸುವ ಅಗತ್ಯವಿಲ್ಲ. ಹಟ್ಟಿಯ ಚಿನ್ನದ ಗಣಿಯು ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಇರುವುದರಿಂದ, ಈ ಸೀಮೆಯಲ್ಲಿ ಒಬ್ಬ ರಾಜಕುಮಾರನು ನೆಲಸಿದುದಕ್ಕೆ ಬೇರೆ ಕಾರಣವನ್ನು ಅರಸಬೇಕಾಗಿಲ್ಲವೆಂದಷ್ಟೇ ನನ್ನ ಅಭಿಪ್ರಾಯ.

ವಿಚಿತ್ರವಾದುದೇನೆಂದರೆ, ಇಸಿಲದವರು ಕುಶಲಪ್ರಶ್ನೆಯನ್ನೂ ಬಿಡದೆ ಬಂಡೆಯ ಮೇಲೆ ಕೆತ್ತಿಸಿಬಿಟ್ಟರು! ಜನರಿಗೆ ಸಾರಬೇಕಾಗಿದ್ದುದು ಆಜ್ಞೆ. ಮೇಲಣ ಒಕ್ಕಣೆಯು ಅಧಿಕಾರಿಗಳಿಗೆ ಮಾತ್ರ ಸಂಬಂಧಿಸಿದುದು. ಕೆಳಗಣವನು ಬುದ್ಧಿಯನ್ನು ಬದಿಗಿಟ್ಟು ಕೈಯನ್ನು ಮಾತ್ರ ಆಡಿಸಿದರೆ ಆಗುವುದು ಇದೇ. ಆದರೂ ಆ ಲಿಪಿಕಾರನನ್ನು ನಾವು ಬಯ್ಯಲಾರೆವು. ಅವನು ಜಾಣನಾಗಿದ್ದು ಮೊದಲ ವಾಕ್ಯವನ್ನು ಬಿಟ್ಟಿದ್ದರೆ ಸುವರ್ಣಗಿರಿಯ ಹೆಸರೇ ಚರಿತ್ರೆಗೆ ಉಳಿಯುತ್ತಿರಲಿಲ್ಲ. ಅವನ ಹೆಸರು ಚಪಡ. ಶಾಸನದ ಕೊನೆಯಲ್ಲಿ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ಲಿಪಿಕಾರನೆಂಬ ವೃತ್ತಿನಾಮವನ್ನು ವಾಯವ್ಯದೇಶದ ಖರೋಷ್ಠಿಯಲ್ಲಿ ಬರೆದಿದ್ದಾನೆ.

ಎಲ್ಲ ಕಡೆಯೂ ಹೀಗೆಯೇ ನಕಲಾಯಿತೆಂದು ತಿಳಿಯಬಾರದು. ಮಸ್ಕಿಯಲ್ಲಿ ಸುವರ್ಣಗಿರಿಯ ಒಕ್ಕಣೆಯಿಲ್ಲ. ಅರಸನ ಹೆಸರಿನಿಂದಲೇ ಮಾತು ಮೊದಲಾಗುತ್ತದೆ. ಬ್ರಹ್ಮಗಿರಿಯು ಅರಸನನ್ನು ಉಪಾಸಕನೆನ್ನುವಲ್ಲಿ ಮಸ್ಕಿಯು ಬುದ್ಧಶಾಕ್ಯನೆನ್ನುತ್ತದೆ. ತಂದೆತಾಯಿಗಳ ಶುಶ್ರೂಷೆ ಮೊದಲಾದ ಧರ್ಮಗಳನ್ನು ಹೇಳುವ ಎರಡನೆಯ ಭಾಗವು ಬ್ರಹ್ಮಗಿರಿಯಲ್ಲಿಯೂ ನಿಟ್ಟೂರಿನಲ್ಲಿಯೂ ಉಂಟು, ಮಸ್ಕಿಯಲ್ಲಿಲ್ಲ, ಕೊಪ್ಪಳದ ಎರಡರಲ್ಲಿಯೂ ಇಲ್ಲ. ಎರ್ರಗುಡಿಯಲ್ಲಿ ಆಜ್ಞೆಯು ಇಳಿಯುವ ಮೆಟ್ಟಿಲುಗಳೇ ಕಾಣುತ್ತವೆ: ರಜ್ಜುಕನಿಗೆ ಹೇಳತಕ್ಕದ್ದು, ಅವನು ಜಾನಪದರಿಗೂ ರಾಷ್ಟ್ರಿಕರಿಗೂ ಹೇಳತಕ್ಕದ್ದು; ಮಾವಟಿಗರು, ಕರಣಿಕರು, ಅಧ್ಯಾಪಕರಾದ ಬ್ರಾಹ್ಮಣರು ತಮ್ಮ ತಮ್ಮ ಶಿಷ್ಯರಿಗೆ ಕಲಿಸತಕ್ಕದ್ದು. ಬ್ರಹ್ಮಗಿರಿಯ ಪಾಠವು ಈ ಮೆಟ್ಟಿಲುಗಳನ್ನು ಬಿಟ್ಟು ಧರ್ಮವನ್ನು ಮಾತ್ರ ಇಟ್ಟುಕೊಂಡಿದೆ. ಹೀಗಿರುವಲ್ಲಿ, ಒಂದೇ ಆಜ್ಞೆಯನ್ನು ಯಾವ ಊರಿನಲ್ಲಿ ಎಷ್ಟು, ಯಾವ ಮಾತಿನಿಂದ ಸಾರಬೇಕೆಂಬುದು ಬಹುಮಟ್ಟಿಗೆ ಪ್ರಾಂತದವರ ಕೈಯಲ್ಲಿದ್ದಿತೆಂದು ತೋರುತ್ತದೆ. ಭಾಷೆಯು ಪ್ರಾಕೃತ, ಈ ನಾಡಿನ ಜನರ ಮನೆಮಾತು ಅದಲ್ಲ. ಓದಿ ಅರ್ಥಹೇಳುವ ಕೆಲಸವಂತೂ ಪೂರ್ತಿಯಾಗಿ ಸ್ಥಳೀಯ ಅಧಿಕಾರಿಯದೇ ಆಗಿದ್ದಿರಬೇಕು.

ಮೌರ್ಯರ ಆಡಳಿತವು ಬಿಗಿಯಾಗಿ ಕೇಂದ್ರಕ್ಕೆ ಕಟ್ಟಿಬಿದ್ದುದೆಂದು 1961ರ ತಮ್ಮ ಗ್ರಂಥದಲ್ಲಿ ಎತ್ತಿಹಿಡಿದಿದ್ದ ರೊಮಿಲಾ ಥಾಪರರೇ ಮುಂದೆ 1980ರ ದಶಕದಲ್ಲಿ ಆ ಮತವನ್ನು ತಿದ್ದಿಕೊಂಡು, ರಾಜಧಾನಿಯ ಸೀಮೆ, ಬೆಳೆದ ನಾಡುಗಳು, ಅಂಚಿನ ನಾಡುಗಳು ಎಂಬ ಭೇದವನ್ನು ಹೇಳಿದರು. ಮೇಲಣ ಪಾಠಭೇದಗಳು ಈ ಎರಡನೆಯ ಮತಕ್ಕೆ ಪೋಷಕವಾಗಿವೆ. ಆದರೆ ಅಂಚಿನ ನಾಡೆಂದ ಮಾತ್ರಕ್ಕೆ ಅರಸನು ಕೈಬಿಟ್ಟ ನಾಡೆಂದು ಅರ್ಥಮಾಡುವುದು ಸರಿಯಲ್ಲ.

ಅವನು ಏನನ್ನು ಬಿಡಲಿಲ್ಲವೆಂಬುದನ್ನು ಬೇರೆ ಶಾಸನಗಳಿಂದ ತಿಳಿಯಬೇಕು. ಆರನೆಯ ಬಂಡೆಶಾಸನದಲ್ಲಿ ತಾನು ಊಟದಲ್ಲಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಜನರ ಕಾರ್ಯವನ್ನು ಪ್ರತಿವೇದಕರು ಬಂದು ತಿಳಿಸಬಹುದೆಂದಿದ್ದಾನೆ. ಇದನ್ನು ಎಲ್ಲರೂ ಉದಾಹರಿಸುತ್ತಾರೆ. ಅದರ ಮುಂದಣ ಮಾತು ನಮಗೆ ಹೆಚ್ಚು ಪ್ರಕೃತವಾದುದು: ಮಹಾಮಾತ್ರರಿಗೆ ಒಪ್ಪಿಸಿದ ತುರ್ತಿನ ಕಾರ್ಯದಲ್ಲಿ ಪರಿಷತ್ತಿನೊಳಗೆ ವಿವಾದ ಹುಟ್ಟಿದರೆ ಒಡನೆಯೇ ತನಗೆ ತಿಳಿಸಬೇಕು. ಒಪ್ಪಿಸಿದ ಕೆಲಸವನ್ನು ಅವನು ದಿನದಿನವೂ ನೋಡುವುದಿಲ್ಲ, ಅದು ತೊಡಕಿಗೆ ಬಿದ್ದಾಗ ನೋಡುತ್ತಾನೆ. ಪಟ್ಟಾಭಿಷೇಕದ ಇಪ್ಪತ್ತಾರನೆಯ ವರ್ಷದ ನಾಲ್ಕನೆಯ ಸ್ತಂಭಶಾಸನವು ಇನ್ನೂ ಸ್ಪಷ್ಟವಾಗಿದೆ. ಲಕ್ಷಾಂತರ ಜನರ ಮೇಲಿನ ರಜ್ಜುಕರಿಗೆ ವಿಚಾರಣೆಯಲ್ಲಿಯೂ ದಂಡನೆಯಲ್ಲಿಯೂ ಸ್ವಾತಂತ್ರ್ಯವನ್ನು ಕೊಟ್ಟು, ಜಾಣೆಯಾದ ದಾದಿಗೆ ಮಗುವನ್ನು ಒಪ್ಪಿಸಿ ನಿಶ್ಚಿಂತನಾದ ತಂದೆಗೆ ತನ್ನನ್ನು ಹೋಲಿಸಿಕೊಂಡಿದ್ದಾನೆ. ಆದರೆ ಅದೇ ಶಾಸನದಲ್ಲಿ ಮರಣದಂಡನೆಗೆ ಗುರಿಯಾದವನಿಗೆ ಮೂರು ದಿನಗಳ ಗಡುವನ್ನು ತಾನೇ ವಿಧಿಸಿದ್ದಾನೆ. ತೀರ್ಪು ರಜ್ಜುಕನದು; ಆ ಮೂರು ದಿನಗಳು ಅರಸನವು.

ನಗರಗಳ ವಿಷಯದಲ್ಲಿ ನೇರವಾಗಿ ಮಾತಾಡುವವು ಕಳಿಂಗದ ಧೌಲಿ, ಜೌಗಡಗಳ ಪ್ರತ್ಯೇಕ ಶಾಸನಗಳು. ಅಲ್ಲಿ ನಗರವ್ಯವಹಾರಕರಾದ ಮಹಾಮಾತ್ರರಿಗೆ, ನಿಷ್ಕಾರಣವಾಗಿ ಯಾರೂ ಸೆರೆಗೂ ಹಿಂಸೆಗೂ ಈಡಾಗಬಾರದೆಂದು ವಿಧಿಸಿ, ಅಧಿಕಾರಿಯನ್ನು ಕೆಡಿಸುವ ದೋಷಗಳನ್ನು ಎಣಿಸಿದ್ದಾನೆ. ಅಸೂಯೆ, ಕೋಪ, ನಿಷ್ಠುರತೆ, ಆತುರ, ಅಭ್ಯಾಸದ ಕೊರತೆ, ಆಲಸ್ಯ, ದಣಿವು. ಈ ಪಟ್ಟಿಯಲ್ಲಿ ದಣಿವನ್ನು ಸೇರಿಸಿದವನು ಕಚೇರಿಯ ಕೆಲಸವನ್ನು ಸ್ವತಃ ಬಲ್ಲವನೆಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಈ ಆಜ್ಞೆಯನ್ನು ತಿಷ್ಯನಕ್ಷತ್ರದ ದಿನ ಓದಿಸಿ ಕೇಳಿಸಬೇಕು. ಐದೈದು ವರ್ಷಕ್ಕೊಮ್ಮೆ ಸೌಮ್ಯಸ್ವಭಾವದ ಒಬ್ಬ ಮಹಾಮಾತ್ರನು ಬಂದು ಪರೀಕ್ಷಿಸುವನು. ಉಜ್ಜಯಿನಿಯ ಕುಮಾರನು ಮೂರು ವರ್ಷ ಮೀರದಂತೆ ಅಂಥವರನ್ನು ಕಳುಹಿಸತಕ್ಕದ್ದು, ತಕ್ಷಶಿಲೆಯಿಂದಲೂ ಹಾಗೆಯೇ. ನಡುವಣ ವರ್ಷಗಳಲ್ಲಿ ಊರು ತನ್ನಷ್ಟಕ್ಕೆ ನಡೆಯುತ್ತದೆ. ಆಟದಲ್ಲಿ ಊರನ್ನು ಒಪ್ಪಿಸಿದವನಿಗೆ ಇಲ್ಲದಿರುವುದು ಈ ಅವಧಿಯ ಕಟ್ಟೇ. ಅವನು ಒಂದೊಂದು ಸರದಿಗೂ ಇಣುಕಬೇಕು, ಇಲ್ಲವೇ ಮರೆತುಬಿಡಬೇಕು.

ಇದಕ್ಕೆ ಎದುರಾಗಿ ಅರ್ಥಶಾಸ್ತ್ರವನ್ನು ಇಡಬಹುದು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು 1909ರಲ್ಲಿ ಅಚ್ಚಾದ ಆ ಗ್ರಂಥದಲ್ಲಿ ನಗರದ ಹತ್ತು, ಇಪ್ಪತ್ತು ಅಥವಾ ನಲವತ್ತು ಮನೆಗಳಿಗೆ ಒಬ್ಬೊಬ್ಬ ಗೋಪನು. ಅವನು ಪ್ರತಿಯೊಬ್ಬರ ಜಾತಿ, ಗೋತ್ರ, ಹೆಸರು, ಕಸುಬು, ಆಯವ್ಯಯಗಳನ್ನು ಬಲ್ಲವನಾಗಿರಬೇಕು. ಗ್ರಂಥದ ಕಾಲವು ವಿವಾದಗ್ರಸ್ತವಾದುದರಿಂದ ಮಸ್ಕಿಯಲ್ಲಿ ಇಂಥ ಗೋಪರು ಇದ್ದರೆಂದು ಊಹಿಸುವುದು ಸಾಹಸ. ಶಾಸನಗಳ ಅಶೋಕನು ಮನೆಗಳನ್ನು ಎಣಿಸುವುದಿಲ್ಲ, ಎಣಿಸುವವನ ನಡತೆಯನ್ನು ನೋಡುತ್ತಾನೆ.

ಈ ಪ್ರತ್ಯೇಕ ಶಾಸನಗಳು ಕಳಿಂಗಕ್ಕೆ ಮಾತ್ರ ಸೀಮಿತವೆಂದು ಬಹುಕಾಲ ನಂಬಿದ್ದೆವು. 1980ರ ದಶಕದಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳೀಗುಡಿಯ ಮಾಳಿಗೆ ಕುಸಿದುಬಿದ್ದ ಮೇಲೆ, ದೇವಿಯ ಪೀಠವಾಗಿದ್ದ ಕಲ್ಲಿನಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆಶಾಸನಗಳೊಡನೆ ಎರಡು ಪ್ರತ್ಯೇಕ ಶಾಸನಗಳೂ ಹೊರಬಿದ್ದವು. ಹೊಸದಾಗಿ ಗೆದ್ದ ಕಳಿಂಗದ ಅಧಿಕಾರಿಗಳಿಗೆ ಹೇಳಿದ ಬುದ್ಧಿವಾದವು ಭೀಮೆಯ ದಡದವರಿಗೂ ಬೇಕಾಗಿತ್ತೇ, ಅಥವಾ ಓಲೆಗಳ ಕಟ್ಟು ತಪ್ಪಿ ಇತ್ತ ಬಂದಿತೇ ಎಂಬಲ್ಲಿ ವಿದ್ವಾಂಸರಿಗೆ ಏಕಮತವಿಲ್ಲ. ನಾನು ಮೊದಲನೆಯದನ್ನು ಒಪ್ಪುವವನಾದರೂ, ಬ್ರಹ್ಮಗಿರಿಯ ಕುಶಲಪ್ರಶ್ನೆಯನ್ನು ನೆನೆದಾಗ ಎರಡನೆಯದನ್ನು ತಳ್ಳಿಹಾಕಲಾರೆ. ಅಶೋಕನಿಗೂ ಈ ಸಂಶಯವಿತ್ತು. ಹದಿನಾಲ್ಕನೆಯ ಶಾಸನದಲ್ಲಿ, ತನ್ನ ಲಿಪಿಗಳು ಕೆಲವೆಡೆ ಸಂಕ್ಷೇಪವಾಗಿ, ಕೆಲವೆಡೆ ಮಧ್ಯಮವಾಗಿ, ಕೆಲವೆಡೆ ವಿಸ್ತಾರವಾಗಿ ಇರುವುದನ್ನು ಒಪ್ಪಿಕೊಂಡು, ಅಸಮಗ್ರವಾದವುಗಳಿಗೆ ಸ್ಥಳದ ಕಾರಣವೋ ಲಿಪಿಕಾರನ ಅಪರಾಧವೋ ಇರಬಹುದೆಂದಿದ್ದಾನೆ. ಸನ್ನತಿಯವರು ಆ ಮಾತನ್ನೂ ಕಲ್ಲಿನಲ್ಲಿ ಕೆತ್ತಿಸಿದರು. ಮುಂದೆ ಆ ಕಲ್ಲನ್ನು ಪೀಠವಾಗಿಸಿದವರು ವಿಗ್ರಹವನ್ನು ನಿಲ್ಲಿಸುವುದಕ್ಕಾಗಿ ನಡುವೆ ಚೌಕವಾಗಿ ಕೊರೆದುದರಿಂದ ಹಲವು ಅಕ್ಷರಗಳು ಹೋಗಿವೆ.