ದೇಹೂ ಗ್ರಾಮವೂ ವಿಠ್ಠಲನ ಮೇಲಿನ ಹಕ್ಕುಗಳೂ

ಪುಣೆಯಿಂದ ಲೋಣಾವಳೆಯ ಲೋಕಲ್ ಗಾಡಿಯಲ್ಲಿ ಬಂದು ದೇಹೂ ರೋಡಿನಲ್ಲಿ ಇಳಿದವನಿಗೆ ಮೊದಲು ಎದುರಾಗುವುದು ತುಕಾರಾಮನ ಊರಲ್ಲ, ಸೈನ್ಯದ ದಂಡುಪ್ರದೇಶ. ದೇಹೂ ಗ್ರಾಮವು ಅಲ್ಲಿಂದ ಕೆಲವು ಕಿಲೋಮೀಟರು ಆಚೆ, ಇಂದ್ರಾಯಣಿಯ ದಂಡೆಯ ಮೇಲಿದೆ. ಪುಣೆಯಲ್ಲಿ ನೆಲಸಿದ ಕನ್ನಡಿಗರಾದ ನಾವು ಅಲ್ಲಿಗೆ ಹೋಗುವಾಗ ಒಂದು ಮಾತನ್ನು ಬುತ್ತಿಯಂತೆ ಕಟ್ಟಿಕೊಂಡೇ ಹೊರಡುತ್ತೇವೆ: ವಿಠ್ಠಲನು ನಮ್ಮವನು.

ಮಾತು ನಿರಾಧಾರವಾದುದಲ್ಲ. ಜ್ಞಾನದೇವರ ಹೆಸರಿನಲ್ಲಿ ಪ್ರಸಿದ್ಧವಾದ ಅಭಂಗವೊಂದು ಅವನನ್ನು ಕರ್ನಾಟಕದವನೆಂದೇ ಕರೆಯುತ್ತದೆ. ಹೊಯ್ಸಳ ಸೋಮೇಶ್ವರನು ವಿಠ್ಠಲನಿಗೆ ದತ್ತಿ ಬಿಟ್ಟುದನ್ನು ಹೇಳುವ 1237ರ ಶಾಸನವು ಪಂಢರಪುರದಲ್ಲಿಯೇ ಇದೆ. ಮಹಾರಾಷ್ಟ್ರದ ಮೂಲದಲ್ಲಿ ಕನ್ನಡದ ಪದರವನ್ನು ಕಂಡ ಶಂ. ಬಾ. ಜೋಶಿಯವರ ಶೋಧವನ್ನು ಈ ಪತ್ರಿಕೆಯ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ವಿಠ್ಠಲನು ಮೂಲತಃ ದನಗಾಹಿಗಳ ದೇವತೆಯೆಂದು ರಾ. ಚಿಂ. ಢೇರೆಯವರು 1984ರಲ್ಲಿ ಪ್ರಕಟವಾದ ತಮ್ಮ ಮರಾಠಿ ಗ್ರಂಥದಲ್ಲಿ ವಾದಿಸಿದರು.

ಆದರೆ ದೇಹೂವಿನಲ್ಲಿ ಈ ಬುತ್ತಿಯನ್ನು ಬಿಚ್ಚಲು ಮನಸ್ಸಾಗುವುದಿಲ್ಲ. ತುಕಾರಾಮನ ಪೂರ್ವಜ ವಿಶ್ವಂಭರನೇ ಇಲ್ಲಿ ವಿಠ್ಠಲ-ರಖುಮಾಯಿಯರನ್ನು ಪ್ರತಿಷ್ಠಿಸಿದನೆಂಬುದು ಐತಿಹ್ಯ. ಅಂಗಡಿಯಿಟ್ಟ ಮನೆತನದ ತುಕಾರಾಮನು 1630ರ ಸುಮಾರಿನ ಘೋರ ಕ್ಷಾಮದಲ್ಲಿ ಮಡದಿಯನ್ನು ಕಳೆದುಕೊಂಡನು. ಆಮೇಲೆ ಹಾಡಿದ ಅಭಂಗಗಳ ವಹಿಗಳನ್ನೂ ಇದೇ ಹೊಳೆಯಲ್ಲಿ ಮುಳುಗಿಸಬೇಕಾಯಿತೆನ್ನುತ್ತಾರೆ. ಹಸಿವು, ಸಾಲ, ನಾಚಿಕೆಗಳ ನಡುವೆ ಅವನು ಕೂಗಿ ಕರೆದ ದೇವನ ಕುಲಗೋತ್ರಗಳನ್ನು ಆ ದಂಡೆಯಲ್ಲಿ ನಿಂತು ಕೇಳುವುದು ನನಗೇಕೋ ಸಲ್ಲದೆನಿಸಿತು. ಅವನ ಮಗ ನಾರಾಯಣನು 1685ರಲ್ಲಿ ಆರಂಭಿಸಿದ ಪಾಲಖಿಯು ಇಂದಿಗೂ ಜ್ಯೇಷ್ಠ ಬಹುಳದಲ್ಲಿ ಇಲ್ಲಿಂದಲೇ ಪಂಢರಪುರಕ್ಕೆ ಹೊರಡುತ್ತದೆ.

ಹಕ್ಕಿನ ಮಾತು ನಿಜವಾಗಿ ಬಿಗಿಯಾಗುವುದು ಮರಳಿ ದೇಹೂ ರೋಡಿಗೆ ಬಂದಾಗ. ಡಾ. ಬಾಬಾಸಾಹೇಬ ಅಂಬೇಡ್ಕರರು ರಂಗೂನಿನಿಂದ ತರಿಸಿದ ಬುದ್ಧಮೂರ್ತಿಯನ್ನು 1954ರ ಡಿಸೆಂಬರ್ 25ರಂದು ಇಲ್ಲಿಯ ವಿಹಾರದಲ್ಲಿ ಪ್ರತಿಷ್ಠಿಸಿದರು. ನಾಗಪುರದ ದೀಕ್ಷೆಗೆ ಆಗ ಇನ್ನೂ ಸುಮಾರು ಎರಡು ವರ್ಷಗಳಿದ್ದುವು. ಪಂಢರಪುರದ ವಿಠೋಬನು ವಸ್ತುತಃ ಬುದ್ಧನೇ, ಇದನ್ನು ಪ್ರಬಂಧವಾಗಿ ಬರೆಯುವೆನು, ಎಂದು ಅವರು ಅಂದು ಸಾರಿದರು. ಅದನ್ನು ಪೂರ್ತಿಗೊಳಿಸುವ ಮೊದಲೇ, 1956ರ ಡಿಸೆಂಬರ್ 6ರಂದು, ತೀರಿಕೊಂಡರು.

ನಮ್ಮ ಹಕ್ಕಿಗೆ ಶಾಸನವಿದೆ, ನಿಜ. ಆದರೆ 1237ರ ಕಲ್ಲು ಹೇಳುವುದು ದತ್ತಿ ಕೊಟ್ಟವನು ಯಾರೆಂಬುದನ್ನು. ಮೊದಲು ಪೂಜಿಸಿದವರು ಯಾರು, ಬಾಗಿಲ ಹೊರಗೆ ನಿಂತವರು ಯಾರು ಎಂಬುದನ್ನಲ್ಲ. ಪಂಢರಪುರದ ಆ ಬಾಗಿಲು ದಲಿತರಿಗೆ ತೆರೆದುದು 1947ರಲ್ಲಿ, ಸಾನೆ ಗುರೂಜಿಯವರು ಉಪವಾಸ ಕುಳಿತ ಮೇಲೆ.